ಗೋಡೆ ಮರಳಿ ಬಂತು, ನೆರೆಹೊರೆ?

2015ರ ಏಪ್ರಿಲ್ 8ರಂದು ಲಂಡನ್ನಿನ ಮೈಡಾ ವೇಲ್ ಭಾಗದ ಕಾರ್ಲ್‌ಟನ್ ಟ್ಯಾವರ್ನ್ ಎಂಬ ಪಬ್ಬನ್ನು ಯಂತ್ರಗಳು ನೆಲಸಮಗೊಳಿಸಿದವು. ಮೊದಲ ಮಹಾಯುದ್ಧಾನಂತರ ಎದ್ದ ಆ ಕಟ್ಟಡ ಎರಡನೆಯ ಮಹಾಯುದ್ಧದ ಬಾಂಬುಗಳಿಗೂ ಬಿದ್ದಿರಲಿಲ್ಲ. ಅಲ್ಲಿ ವಸತಿಗೃಹಗಳನ್ನು ಕಟ್ಟಲು ಮಾಲೀಕರು ಕೋರಿದ್ದ ಅನುಮತಿಯನ್ನು ವೆಸ್ಟ್‌ಮಿನ್‌ಸ್ಟರ್ ನಗರಾಡಳಿತ ಅದೇ ವರ್ಷ ನಿರಾಕರಿಸಿತ್ತು. ಆದರೂ ಕೆಡವಲಾಯಿತು. ಇಂಥಲ್ಲಿ ದಂಡ ತೆತ್ತು ಕೈತೊಳೆದುಕೊಳ್ಳುವುದು ಎಲ್ಲ ದೇಶಗಳಿಗೂ ಪರಿಚಿತವಾದ ದಾರಿ. ನಗರಾಡಳಿತವಾದರೋ ಕೆಡವಿದ್ದನ್ನು ಇದ್ದಂತೆಯೇ, ಇಟ್ಟಿಗೆ ಇಟ್ಟಿಗೆಯಾಗಿ, ಮರಳಿ ಕಟ್ಟಬೇಕೆಂದು ಆಜ್ಞಾಪಿಸಿತು. ಮೇಲ್ಮನವಿಯಲ್ಲೂ ಮಾಲೀಕರು ಸೋತರು. 2021ರ ಏಪ್ರಿಲ್‌ನಲ್ಲಿ ಬಾಗಿಲು ಮತ್ತೆ ತೆರೆಯಿತು.

ಹೀಗೆ ಮರುಜನ್ಮ ಪಡೆದ ಪಬ್ಬುಗಳು ಬೆರಳೆಣಿಕೆಯಷ್ಟು. ಬ್ರಿಟನ್ನಿನಲ್ಲಿ 2000ದ ವೇಳೆಗೆ ಸುಮಾರು 60 ಸಾವಿರ ಪಬ್ಬುಗಳಿದ್ದವು. ಈಗ ಉಳಿದಿರುವುದು ಸುಮಾರು 45 ಸಾವಿರ. ‘ಪಬ್ಲಿಕ್ ಹೌಸ್’ ಎಂಬುದರ ಹ್ರಸ್ವರೂಪವೇ ಪಬ್. ನಮ್ಮವರು ಅದನ್ನು ಹೆಂಡದಂಗಡಿಯೆಂದು ತಿಳಿದರೆ ಅರ್ಧ ಮಾತ್ರ ಸರಿ. ಕೂಲಿಯವನೂ ಗುಮಾಸ್ತನೂ ಒಂದೇ ಮೇಜಿನ ಬಳಿ ಕುಳಿತು ಊರ ಸುದ್ದಿ ಆಡಿಕೊಳ್ಳುತ್ತಿದ್ದ ಆ ಮನೆಗೆ ನಮ್ಮ ಅರಳಿಕಟ್ಟೆಯ ಗುಣವೂ ಇತ್ತು.

ಅವನತಿಗೆ ಕಾರಣವಾಗಿ ಅನೇಕರು 2007ರ ಧೂಮಪಾನ ನಿಷೇಧದತ್ತಲೋ, ಅಂಗಡಿಗಳ ಅಗ್ಗದ ಬಿಯರಿನತ್ತಲೋ ಬೊಟ್ಟುಮಾಡುತ್ತಾರೆ. ಅವೂ ನಿಜವೇ. ಆದರೆ ಕರಾರುಪತ್ರದೊಳಗಿನ ಗಂಟು ಇನ್ನೂ ಹಳೆಯದು. ಪಬ್ಬಿನ ಗೇಣಿದಾರ ಬಾಡಿಗೆ ತೆರುವುದಲ್ಲದೆ, ಬಿಯರನ್ನೂ ಕಟ್ಟಡದ ಒಡೆಯನಿಂದಲೇ, ಅನೇಕ ವೇಳೆ ಪೇಟೆಗಿಂತ ದುಬಾರಿಯಾಗಿ, ಕೊಳ್ಳಬೇಕೆಂಬ ಕಟ್ಟು ಅದು. ಇದನ್ನು ಸಡಿಲಿಸಲೆಂದು 1989ರಲ್ಲಿ ಸರ್ಕಾರ ದೊಡ್ಡ ಬಿಯರ್ ತಯಾರಕರ ಪಬ್ಬು ಒಡೆತನಕ್ಕೆ ಮಿತಿ ಹಾಕಿತು. ತಯಾರಕರು ಸಾವಿರಾರು ಪಬ್ಬುಗಳನ್ನು ಮಾರಿದರು. ಕೊಂಡವು ಹೊಸ ಪಬ್ ಕಂಪನಿಗಳು. ಅವು ಬಿಯರು ತಯಾರಿಸುತ್ತಿರಲಿಲ್ಲವಾದ್ದರಿಂದ ಆ ಮಿತಿ ಅವಕ್ಕೆ ತಗಲಲಿಲ್ಲ. ಒಡೆಯ ಬದಲಾದ, ಕಟ್ಟು ಉಳಿಯಿತು. ಸಾಲದ ಮೇಲೆ ಬೆಳೆದ ಈ ಕಂಪನಿಗಳಿಗೆ ಕೆಲವೆಡೆ ಪಬ್ಬಿಗಿಂತ ಅದರಡಿಯ ನೆಲವೇ ಬೆಲೆಬಾಳುವಂತಾಯಿತು. ದೊಡ್ಡ ಕಂಪನಿಗಳ ಗೇಣಿದಾರರಿಗೆ ಕಟ್ಟಿನಿಂದ ಹೊರಬಂದು ಬರಿಯ ಮಾರುಕಟ್ಟೆ ಬಾಡಿಗೆ ತೆರುವ ಹಕ್ಕು ದೊರೆತದ್ದು 2016ರಲ್ಲಿ. ಅಷ್ಟರಲ್ಲಿ ಎಷ್ಟೋ ಬಾಗಿಲುಗಳು ಮುಚ್ಚಿದ್ದವು.

ಊರವರ ಕೈಯಲ್ಲಿರುವ ಅಸ್ತ್ರ 2011ರ ಲೋಕಲಿಸಂ ಕಾಯಿದೆ. ಅದರಂತೆ ಇಂಗ್ಲೆಂಡಿನಲ್ಲಿ ಪಬ್ಬನ್ನು ಸಮುದಾಯಕ್ಕೆ ಮೌಲ್ಯವುಳ್ಳ ಆಸ್ತಿಯೆಂದು ಪಟ್ಟಿಗೆ ಸೇರಿಸಬಹುದು. ಮಾಲೀಕ ಮಾರಹೊರಟಾಗ ಊರವರು ಕೊಳ್ಳುವ ಇಚ್ಛೆ ತಿಳಿಸಿದರೆ, ಹಣ ಕೂಡಿಸಿಕೊಳ್ಳಲು ಅವರಿಗೆ ಆರು ತಿಂಗಳ ಕಾಲಾವಕಾಶ ಸಿಗುತ್ತದೆ. ಕೆಲವು ಹಳ್ಳಿಗಳವರು ಷೇರು ಹಾಕಿ ತಮ್ಮ ಪಬ್ಬನ್ನು ಉಳಿಸಿಕೊಂಡಿದ್ದಾರೆ. ಆದರೆ ಆರು ತಿಂಗಳಲ್ಲಿ ಪೂರ್ತಿ ಹಣ ತಂದಿಟ್ಟರೂ, ಅವರಿಗೇ ಮಾರಬೇಕೆಂಬ ನಿರ್ಬಂಧ ಮಾಲೀಕನಿಗಿಲ್ಲ.