ಬೀರುವಿಗೆ ರಿವಾಲ್ವರ್ ಬರುವ ಮುನ್ನ...

ಮಧ್ಯಾಹ್ನ ಮೂರು ಗಂಟೆ. ಅಡುಗೆಮನೆ ಕೆಲಸ ಮುಗಿಸಿ ಆಗಷ್ಟೇ ಸೋಫಾ ಮೇಲೆ ಕಾಲು ಚಾಚಿದ್ದೀರಿ. ಕಾಲಿಂಗ್ ಬೆಲ್ ಸದ್ದು. ಯಾರಿರಬಹುದು? ಕೊರಿಯರ್‌ನವನಾ? ಗ್ಯಾಸ್ ಸ್ಟವ್ ಚೆಕ್ ಮಾಡ್ತೀನಿ ಅನ್ನುವವನಾ? ಪಕ್ಕದ ಬೀದಿಯಲ್ಲಿ ಒಬ್ಬರೇ ಇದ್ದ ಹೆಂಗಸಿನ ಸರ ಕಿತ್ತುಕೊಂಡು ಹೋದರಂತೆ ಅನ್ನುವ ಸುದ್ದಿಯನ್ನು ಬೆಳಿಗ್ಗೆಯಷ್ಟೇ ಕೇಳಿದ್ದೀರಿ. ಎದೆ ಧಸಕ್ ಅನ್ನುತ್ತದೆ, ಅಲ್ವಾ?

ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳುತ್ತೀರಿ. ಅವರು ಚಪಾತಿ ಮುರಿಯುತ್ತಾ, ‘ಒಂದು ರಿವಾಲ್ವರ್ ತಗೊಂಡ್ಬಿಡೋಣ ಕಣೇ, ತಲೆನೋವೇ ಇರಲ್ಲ’ ಅಂತಾರೆ. ತಲೆನೋವು ಶುರುವಾಗುವುದೇ ಅಲ್ಲಿಂದ! ಮಿಕ್ಸಿ ತಂದ ಹಾಗೆ ಗನ್ ತರಲು ಆಗುವುದಿಲ್ಲ. ‘ಹ್ಞೂಂ’ ಅನ್ನುವ ಮೊದಲು ನೀವು ಕೆಲವು ಸಂಗತಿ ತಿಳಿದುಕೊಳ್ಳಲೇಬೇಕು.

ಲೈಸೆನ್ಸ್ ಯಾರ ಹೆಸರಿಗೆ?

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ರಿವಾಲ್ವರ್ ಇಟ್ಟುಕೊಳ್ಳುವುದು ಅಪರಾಧ. ಬೆಂಗಳೂರಿನಲ್ಲಾದರೆ ಪೊಲೀಸ್ ಕಮಿಷನರ್ ಕಚೇರಿಗೆ, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. 21 ವರ್ಷ ತುಂಬಿರಬೇಕು. ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆ. ‘ಭಯವಾಗುತ್ತೆ ಸಾರ್’ ಅಂದರೆ ಸಾಲದು, ನಿಜವಾದ ಅಪಾಯವಿದೆ ಎಂದು ಮನವರಿಕೆ ಮಾಡಿಕೊಡಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಐದು ವರ್ಷದ್ದು. ಚುನಾವಣೆ ಬಂದಾಗ ಗನ್ನನ್ನು ಠಾಣೆಯಲ್ಲಿ ಒಪ್ಪಿಸಲು ಕರೆ ಬರಬಹುದು.

ಕೊಡಗಿನ ಗೆಳತಿಯರಿದ್ದರೆ, ‘ನಮ್ಮನೆಯಲ್ಲಿ ಲೈಸೆನ್ಸ್ ಇಲ್ಲದೇನೇ ಕೋವಿ ಇದೆಯಲ್ಲ’ ಎಂದಾರು. ನಿಜ. ಕೊಡವರಿಗೆ ಮತ್ತು ಜಮ್ಮಾ ಭೂಮಿ ಹೊಂದಿದವರಿಗೆ ಬ್ರಿಟಿಷರ ಕಾಲದಿಂದಲೂ ಆ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಅಲ್ಲಿ ಕೋವಿ ಅಂದರೆ ಕೈಲ್ ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜೆ ಮಾಡುವ ವಸ್ತು. ಅದರ ಜೊತೆ ಹೇಗಿರಬೇಕು ಅನ್ನುವುದನ್ನು ಹಿರಿಯರನ್ನು ನೋಡಿಯೇ ಕಲಿತಿರುತ್ತಾರೆ. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿರುವ ನಮಗೆ ಆ ಪಾಠ ಸಿಕ್ಕಿಲ್ಲ.

ಇನ್ನೊಂದು ಮಾತು, ಇದನ್ನು ಯಜಮಾನರಿಗೂ ಓದಿ ಹೇಳಿ. ಲೈಸೆನ್ಸ್ ಅವರ ಹೆಸರಲ್ಲಿದ್ದರೆ ಗನ್ ಅವರದು, ಮನೆಮಂದಿಯದಲ್ಲ. ಅವರು ಆಫೀಸಿನಲ್ಲೋ ನೈಟ್ ಶಿಫ್ಟ್‌ನಲ್ಲೋ ಇರುವಾಗ ಮನೆಯಲ್ಲಿ ಇರುವವರು ಯಾರು? ನೀವು! ಅವರ ಗನ್ ನಿಮ್ಮ ಕೈಗೆ ಬರುವಂತಿಲ್ಲ.

ಯಾವುದು ಸೂಕ್ತ?

ಎಲ್ಲವನ್ನೂ ಯೋಚಿಸಿ, ನಿಮ್ಮ ಹೆಸರಲ್ಲೇ ಲೈಸೆನ್ಸ್ ಸಿಕ್ಕಿತು ಅಂತಿಟ್ಟುಕೊಳ್ಳಿ. ನಮ್ಮಲ್ಲಿ ಸಾಮಾನ್ಯರಿಗೆ ಸಿಗುವುದು ಹೆಚ್ಚಾಗಿ .32 ಅಥವಾ .22 ಅಳತೆಯ ಕೈಬಂದೂಕುಗಳು.

* ಹೊಸಬರಿಗೆ ಪಿಸ್ತೂಲಿಗಿಂತ ರಿವಾಲ್ವರ್ ಅರ್ಥವಾಗುವುದು ಸುಲಭ. ತಿರುಗುವ ಗುಂಡಿನ ಗೂಡನ್ನು ತೆರೆದರೆ ಗುಂಡು ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಪಿಸ್ತೂಲಿನಲ್ಲಿ ಮ್ಯಾಗಜಿನ್ ತೆಗೆದರೂ ಒಳಗೆ ಒಂದು ಗುಂಡು ಉಳಿದಿರಬಹುದು. ‘ಖಾಲಿ ಇದೆ’ ಅಂದುಕೊಂಡಾಗಲೇ ಅನಾಹುತ ಆಗುವುದು.

* ಹಗುರ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದೇ ‘ನಿರ್ಭೀಕ್’ ರಿವಾಲ್ವರ್ ತಂದಿತು. ತೂಕ ಸುಮಾರು ಅರ್ಧ ಕಿಲೋ, ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ! ವ್ಯಾನಿಟಿ ಬ್ಯಾಗಿಗೆ ಹಗುರವೇನೋ ಸರಿ. ಆದರೆ ಒಂದೇ ಬಗೆಯ ಗುಂಡು ಹಾರಿಸುವಾಗ ಹಗುರ ಗನ್ ಭಾರದ್ದಕ್ಕಿಂತ ಜೋರಾಗಿ ಹಿಂದಕ್ಕೆ ಒದೆಯುತ್ತದೆ.

* ಹಿಡಿ ನಿಮ್ಮ ಅಂಗೈಗೆ ಕೂರಬೇಕು, ಟ್ರಿಗರ್ ನಿಮ್ಮ ಬೆರಳಿಗೆ ಎಟುಕಬೇಕು. ಅಂಗಡಿಗೆ ನೀವೇ ಹೋಗಿ. ಬಳೆಯ ಅಳತೆಯನ್ನು ಇನ್ನೊಬ್ಬರ ಕೈಯಲ್ಲಿ ನೋಡುತ್ತೀರಾ?

ಜೊತೆಗೆ ಬೇಕಾದ ಸಾಮಾನು

ಮೊದಲನೆಯದು, ಗೋಡೆಗೋ ಬೀರುವಿಗೋ ಬೋಲ್ಟ್ ಹಾಕಿ ಕೂರಿಸಿದ, ನಂಬರ್ ಲಾಕ್ ಇರುವ ಉಕ್ಕಿನ ಪೆಟ್ಟಿಗೆ. ಗುಂಡುಗಳಿಗೆ ಬೇರೆಯೇ ಬೀಗದ ಪೆಟ್ಟಿಗೆ. ಟ್ರಿಗರ್‌ಗೆ ಹಾಕುವ ಬೀಗ ಒಂದು. ಒರೆಸಲು ಬ್ರಶ್, ಎಣ್ಣೆ. ಅಭ್ಯಾಸದ ವೇಳೆ ಕಿವಿಗೆ, ಕಣ್ಣಿಗೆ ರಕ್ಷಣೆ. ಎಲ್ಲಕ್ಕಿಂತ ಮುಖ್ಯ ತರಬೇತಿ. ಒಮ್ಮೆ ಕಲಿತು ಬಿಟ್ಟರೆ ಸಾಲದು, ಸ್ಕೂಟರ್ ಥರ ಕೈಯಲ್ಲಿ ರೂಢಿ ಇರಬೇಕು.

ಸೀರೆ ಮಡಿಕೆಯಲ್ಲಿ, ಅಕ್ಕಿ ಡಬ್ಬದಲ್ಲಿ, ದಿಂಬಿನ ಕೆಳಗೆ ಬಚ್ಚಿಡುವ ಯೋಚನೆ ಬೇಡವೇ ಬೇಡ. ಅಟ್ಟದ ಮೇಲಿಟ್ಟ ಚಕ್ಕುಲಿ ಡಬ್ಬವನ್ನೇ ಪತ್ತೆ ಹಚ್ಚುವ ನಿಮ್ಮ ಪುಟ್ಟನಿಗೆ ಇದು ಸಿಗದೇ ಇರುತ್ತದೆಯೇ?

ರಾತ್ರಿ ಎರಡು ಗಂಟೆಯ ಲೆಕ್ಕ

‘ಇಷ್ಟೆಲ್ಲ ಬೀಗ ಹಾಕಿಟ್ಟರೆ ಕಳ್ಳ ಬಂದಾಗ ತೆಗೆಯೋದು ಯಾವಾಗ?’ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ನಿದ್ದೆಗಣ್ಣಲ್ಲಿ ಎದ್ದು, ಲೈಟ್ ಹಾಕಿ, ನಂಬರ್ ಒತ್ತಿ, ಇನ್ನೊಂದು ಪೆಟ್ಟಿಗೆಯಿಂದ ಗುಂಡು ತೆಗೆದು ತುಂಬಲು ನಿಮಿಷಗಳೇ ಬೇಕು. ಬೀಗ ಹಾಕದಿದ್ದರೆ ಮಗುವಿಗೆ ಅಪಾಯ, ಹಾಕಿದರೆ ಸಮಯ ಸಾಲದು. ಆ ಸಮಯವನ್ನು ನಿಮಗೆ ಕೊಡುವುದು ಗನ್ ಅಲ್ಲ, ನಿಮ್ಮ ಮನೆಯ ಬಾಗಿಲು!

ಕತ್ತಲಲ್ಲಿ ಹಾಲ್‌ನಲ್ಲಿ ಓಡಾಡುತ್ತಿರುವುದು ನೀರು ಕುಡಿಯಲು ಎದ್ದ ಅತ್ತೆಯವರೋ, ತಡವಾಗಿ ಬಂದ ಮಗನೋ ಆಗಿರಬಹುದು. ಹಾರಿದ ಗುಂಡು ಪ್ಲೈವುಡ್ ಬಾಗಿಲನ್ನು ತೂರಿ ಆಚೆ ಕೋಣೆಗೂ ಹೋಗುತ್ತದೆ. ಅಲ್ಲಿ ಮಲಗಿರುವವರು ಯಾರು?

ಕಾನೂನು ಕೂಡ ಅಳತೆ ಇಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆತ್ಮರಕ್ಷಣೆಯ ಹಕ್ಕಿದೆ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ. ಬೆನ್ನು ತಿರುಗಿಸಿ ಓಡುವವನಿಗೆ ಗುಂಡು ಹೊಡೆದರೆ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾದವರು ನೀವೇ.

ಇಂಥ ಮನೆಗೆ ಬೇಡ

ಈ ಮಾತನ್ನು ಸಂಕೋಚ ಬಿಟ್ಟು ಹೇಳಬೇಕು. ಮನೆಯಲ್ಲಿ ಕುಡಿದು ಕೂಗಾಡುವವರು, ಸಿಟ್ಟು ಬಂದರೆ ಕೈ ಎತ್ತುವವರು ಇದ್ದರೆ ಗನ್ ಒಳಗೆ ಬರಲೇಬಾರದು. ಖಿನ್ನತೆಯಿಂದ ಬಳಲುವವರು, ಪರೀಕ್ಷೆಯ ಒತ್ತಡದಲ್ಲಿ ಕುಗ್ಗಿದ ಮಕ್ಕಳು ಇದ್ದರೂ ಅಷ್ಟೇ. ಕಳ್ಳ ಎಂದಾದರೂ ಒಂದು ದಿನ ಬರಬಹುದು, ಬರದೆಯೂ ಇರಬಹುದು. ಮನೆಯೊಳಗಿನ ಸಿಟ್ಟು, ಸಂಕಟ ದಿನವೂ ಇರುತ್ತವೆ. ಇಂಥ ಕಡೆ ‘ಬೇಡ’ ಅನ್ನುವುದು ಹೆದರಿಕೆಯಲ್ಲ, ಮನೆಯೊಡತಿಯ ಜವಾಬ್ದಾರಿ. ಪೊಲೀಸರು ವಿಚಾರಣೆಗೆ ಬಂದಾಗ ನಿಮ್ಮ ಮಾತನ್ನೂ ಹೇಳಿ.

ಮೊದಲು ಇಷ್ಟು ಮಾಡಿ

* ಮುಂಬಾಗಿಲಿಗೆ ಗಟ್ಟಿ ಮರ, ಒಳಗಿನಿಂದ ಎರಡು ಚಿಲಕ, ಸೇಫ್ಟಿ ಚೈನು, ನೋಡಲು ಮ್ಯಾಜಿಕ್ ಐ. ಹೊರಗೊಂದು ಗ್ರಿಲ್ ಬಾಗಿಲಿದ್ದರೆ ಇನ್ನೂ ಒಳ್ಳೆಯದು. ಹಿತ್ತಲ ಬಾಗಿಲು, ಬಾಲ್ಕನಿ ಮರೆಯಬೇಡಿ.

* ಬೆಡ್‌ರೂಮಿನ ಬಾಗಿಲಿಗೂ ಒಳಚಿಲಕ ಗಟ್ಟಿಯಾಗಿರಲಿ. ಸದ್ದು ಕೇಳಿದರೆ ಮಕ್ಕಳನ್ನು ಕರೆದುಕೊಂಡು ಒಳಗೆ ಸೇರಿ ಚಿಲಕ ಹಾಕಿ, 112ಕ್ಕೆ ಫೋನ್ ಮಾಡಿ. ಮೊಬೈಲ್, ಟಾರ್ಚ್ ರಾತ್ರಿ ಹಾಸಿಗೆಯ ಪಕ್ಕದಲ್ಲೇ ಇರಲಿ.

* ಪೆಪ್ಪರ್ ಸ್ಪ್ರೇಗೆ ಲೈಸೆನ್ಸ್ ಬೇಡ. ಡಬ್ಬದ ಮೇಲಿನ ಅವಧಿ ನೋಡಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಗಾಳಿಗೆ ಎದುರಾಗಿ ಸಿಂಪಡಿಸಬೇಡಿ.

* ‘ಚಿನ್ನ ಪಾಲಿಶ್ ಮಾಡ್ತೀವಿ’ ಎಂದು ಬರುವವರಿಗೆ ಬಾಗಿಲು ತೆಗೆಯಲೇಬೇಡಿ.

* ಪಕ್ಕದ ಮನೆಯವರ ಜೊತೆ ಒಂದು ಸಂಕೇತ ಮಾಡಿಕೊಳ್ಳಿ. ಒಂದು ಮಿಸ್ಡ್ ಕಾಲ್ ಕೊಟ್ಟರೆ ‘ತೊಂದರೆಯಿದೆ, ಬಾ’ ಎಂದರ್ಥ.

ಇದೆಲ್ಲ ಮಾಡಿದ ಮೇಲೂ ನಿಜವಾದ ಬೆದರಿಕೆ ಇದೆ ಅನ್ನಿಸಿದರೆ, ಧಾರಾಳವಾಗಿ ಅರ್ಜಿ ಹಾಕಿ, ಸರಿಯಾಗಿ ಕಲಿಯಿರಿ. ಆದರೆ ಇವತ್ತು ರಾತ್ರಿ ಊಟದ ಹೊತ್ತಿಗೆ ಯಜಮಾನರು ಮತ್ತೆ ರಿವಾಲ್ವರ್ ಮಾತು ತೆಗೆದರೆ ಒಂದೇ ಮಾತು ಹೇಳಿ: ‘ಅದು ಆಮೇಲೆ ನೋಡೋಣ. ಹಿತ್ತಲ ಬಾಗಿಲ ಚಿಲಕ ಆರು ತಿಂಗಳಿಂದ ಸಡಿಲವಾಗಿದೆಯಲ್ಲ, ಮೊದಲು ಅದನ್ನ ಸರಿ ಮಾಡಿಸ್ರೀ!’