ಉಸಿರಿನಲ್ಲಿ ಸೀಸ: ಅಳೆಯದೆ ತಿಳಿಯದು

ನೀವು ಅಥವಾ ನಿಮ್ಮ ಮನೆಯವರು ಯಾರಾದರೂ ಬ್ಯಾಟರಿ ತಯಾರಿಸುವ, ಹಳೆಯ ಬ್ಯಾಟರಿ ಒಡೆಯುವ, ಸೀಸ ಕರಗಿಸುವ ಕೆಲಸದಲ್ಲಿದ್ದೀರಾ? ಹಾಗಿದ್ದರೆ ಮತ್ತೆ ಮತ್ತೆ ಬರುವ ಹೊಟ್ಟೆನೋವು, ಮಲಬದ್ಧತೆ, ಕೀಲುನೋವು, ಸುಸ್ತುಗಳನ್ನು ‘ಗ್ಯಾಸ್ಟ್ರಿಕ್’ ಎಂದು ತಳ್ಳಿಹಾಕಬೇಡಿ. ಇವು ಸೀಸದ ವಿಷದ ಲಕ್ಷಣಗಳೂ ಆಗಿರಬಹುದು. ವೈದ್ಯರ ಬಳಿ ಹೋದಾಗ ನಿಮ್ಮ ಕೆಲಸ ಏನೆಂಬುದನ್ನು ತಪ್ಪದೆ ಹೇಳಿ.

ಸೀಸದ ಅತಿಸೂಕ್ಷ್ಮ ದೂಳು ಕಣ್ಣಿಗೆ ಕಾಣದು, ಅದಕ್ಕೆ ವಾಸನೆಯೂ ಇಲ್ಲ. ‘ನಮ್ಮಲ್ಲಿ ಅಷ್ಟೇನೂ ದೂಳಿಲ್ಲ’ ಎಂಬ ಮಾತನ್ನು ನಂಬುವಂತಿಲ್ಲ. ಅಳೆದೇ ನೋಡಬೇಕು.

ಗಾಳಿಯ ಅಳತೆ

ಶೆಡ್ಡಿನ ಮೂಲೆಯಲ್ಲಿ ಉಪಕರಣ ಇಟ್ಟು ಅಳೆದರೆ ಸಾಲದು. ಕುಲುಮೆಯ ಮೇಲೆ ಬಗ್ಗಿ ಕೆಲಸ ಮಾಡುವವರ ಮೂಗಿನ ಬಳಿಯ ಗಾಳಿಯೇ ಬೇರೆ. ಆದ್ದರಿಂದ ಪುಟ್ಟ ಪಂಪೊಂದನ್ನು ಕಾರ್ಮಿಕರ ಸೊಂಟಕ್ಕೇ ಕಟ್ಟುತ್ತಾರೆ. ಅದರ ಕೊಳವೆಯ ತುದಿಯಲ್ಲಿರುವ ಫಿಲ್ಟರನ್ನು ಅಂಗಿಯ ಕಾಲರಿಗೆ ಸಿಕ್ಕಿಸುತ್ತಾರೆ. ನಿಮಿಷಕ್ಕೆ 2 ಲೀಟರಿನಂತೆ 8 ಗಂಟೆ ಗಾಳಿ ಎಳೆದರೆ 960 ಲೀಟರ್, ಅಂದರೆ ಸುಮಾರು ಒಂದು ಘನ ಮೀಟರ್ ಆಗುತ್ತದೆ. ಫಿಲ್ಟರಿನಲ್ಲಿ ಉಳಿದ ಸೀಸವನ್ನು ಪ್ರಯೋಗಾಲಯದಲ್ಲಿ ಅಳೆದು, ಆ ಪಾಳಿಯ ಸರಾಸರಿ ಕಂಡುಹಿಡಿಯುತ್ತಾರೆ.

ಭೋಪಾಲ್ ದುರಂತದ ನಂತರ, 1987ರಲ್ಲಿ, ನಮ್ಮ ಕಾರ್ಖಾನೆಗಳ ಕಾಯ್ದೆಗೆ ವಿಷವಸ್ತುಗಳ ಮಿತಿಯ ಪಟ್ಟಿ ಸೇರಿತು. ಅದರಲ್ಲಿ ಸೀಸದ ಮಿತಿ ಘನ ಮೀಟರಿಗೆ 0.15 ಮಿಲಿಗ್ರಾಂ ಎಂದಿತ್ತು. ಅಮೆರಿಕ 1978ರಲ್ಲಿಯೇ 0.05 ಮಿಲಿಗ್ರಾಂ ಎಂದು ನಿಗದಿಪಡಿಸಿತ್ತು. ಆದ್ದರಿಂದ ‘ಮಿತಿಯೊಳಗಿದೆ’ ಎಂದರೆ ‘ಅಪಾಯವಿಲ್ಲ’ ಎಂದು ಅರ್ಥವಲ್ಲ.

ರಕ್ತದ ಅಳತೆ

ಸೀಸ ಮೂಗಿನಿಂದ ಮಾತ್ರ ಒಳಹೋಗುವುದಿಲ್ಲ. ಕೈ ತೊಳೆಯದೆ ಬುತ್ತಿ ಬಿಚ್ಚಿದರೆ, ಬೀಡಿ ಸೇದಿದರೆ ಬಾಯಿಯ ಮೂಲಕವೂ ಸೇರುತ್ತದೆ. ಇದು ಪಂಪಿಗೆ ಗೊತ್ತಾಗದು, ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸ ಕಂಡುಬಂದರೆ, ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಲಹೆ ನೀಡಿದೆ. ರಕ್ತ ತೆಗೆಯುವ ಮೊದಲು ತೋಳನ್ನು ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಚರ್ಮದ ಮೇಲಿನ ದೂಳು ಸೇರಿದರೆ ಲೆಕ್ಕ ತಪ್ಪುತ್ತದೆ.

ಒಂದು ಪರೀಕ್ಷೆ ಸಾಲದು. ರಕ್ತದಲ್ಲಿನ ಸೀಸ ಮುಖ್ಯವಾಗಿ ಇತ್ತೀಚಿನ ವಾರಗಳ ಕಥೆ ಹೇಳುತ್ತದೆ. ಮೂಳೆ ಸೇರಿದ ಸೀಸ ದಶಕಗಳ ಕಾಲ ಅಲ್ಲೇ ಉಳಿಯುತ್ತದೆ. ಹಳೆಯ ವರದಿಗಳನ್ನು ಜೋಪಾನವಾಗಿಡಿ. ಸಂಖ್ಯೆ ಏರುತ್ತಿದೆಯೇ, ಇಳಿಯುತ್ತಿದೆಯೇ ಎಂಬುದು ಮುಖ್ಯ.

ನೀವೇನು ಮಾಡಬೇಕು?

ಗಾಳಿ ಮತ್ತು ರಕ್ತದ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ‘ಎಲ್ಲ ಸರಿಯಿದೆ’ ಎಂಬ ಉತ್ತರಕ್ಕೆ ತೃಪ್ತರಾಗದೆ ಸಂಖ್ಯೆ ಕೇಳಿ. ಉಣ್ಣುವ ಮೊದಲು ಕೈ, ಮುಖ ತೊಳೆಯಿರಿ. ಕೆಲಸದ ಬಟ್ಟೆಯನ್ನು ಮನೆಗೆ ತರಬೇಡಿ. ಅದರ ದೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಹಾಲು, ಬೆಲ್ಲ ಕೊಟ್ಟ ಮಾತ್ರಕ್ಕೆ ರಕ್ಷಣೆ ಸಿಗದು. ಸೀಸ ಹೊರಹಾಕುವ ಔಷಧವನ್ನು ತೆಗೆದುಕೊಂಡು ಮತ್ತೆ ಅದೇ ಹೊಗೆಯಲ್ಲಿ ನಿಂತರೂ ಪ್ರಯೋಜನವಿಲ್ಲ. ಅಳತೆ ಹೆಚ್ಚು ಬಂದರೆ ಮೊದಲು ಸರಿಪಡಿಸಬೇಕಾದದ್ದು ಕುಲುಮೆಯ ಹೊಗೆಯನ್ನು ಅಲ್ಲಿಯೇ ಎಳೆದುಕೊಳ್ಳುವ ವ್ಯವಸ್ಥೆಯನ್ನು.