ಮಲೆಯ ಚಳಿಯೂ ಗಾಜಿನ ಪೆಟ್ಟಿಗೆಯ ಹಾವೂ

ಹೆತ್ತೆಯಮ್ಮನ ಹಬ್ಬದ ದಿನಗಳಲ್ಲಿ ನಮ್ಮ ಕಟ್ಟಬೆಟ್ಟಿನ ಚಳಿ ಎಂಥದೆಂಬುದನ್ನು ನೀಲಗಿರಿಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಹೊತ್ತು ಇಳಿಯಿತೆಂದರೆ ಟೀ ತೋಟಗಳ ಮೇಲೆ ಮಂಜು ಕವಿಯುತ್ತದೆ. ಹಿರಿಯರು ಒಲೆಯ ಬಳಿಗೂ ಕಿರಿಯರು ಕಂಬಳಿಯೊಳಗೂ ಸರಿಯುತ್ತಾರೆ. ಇಂಥದೊಂದು ಹಬ್ಬಕ್ಕೆ ಕೊಯಮತ್ತೂರಿನಲ್ಲಿ ಓದುತ್ತಿರುವ ನಮ್ಮ ತಂಗಿಯ ಮಗನು ಬಟ್ಟೆಬರೆಗಳೊಂದಿಗೆ ಒಂದು ಗಾಜಿನ ಪೆಟ್ಟಿಗೆಯನ್ನೂ ಹೊತ್ತು ಬಂದನು. ಅದರೊಳಗೆ ಸುರುಳಿ ಸುತ್ತಿಕೊಂಡು ಮಲಗಿದ್ದುದು ಹಾವು! ಮನೆಯ ಹೆಂಗಸರು ಅಂಗಳಕ್ಕಿಳಿದರು. ಅಜ್ಜಿ ಮಾತ್ರ ದೂರದಿಂದಲೇ ಕೈಮುಗಿದರು.

ಅದು ಪಶ್ಚಿಮ ಆಫ್ರಿಕದ ಬಾಲ್ ಪೈಥಾನ್ ಎಂಬ ವಿಷವಿಲ್ಲದ ಚಿಕ್ಕ ಹೆಬ್ಬಾವು. ಇಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಕಾಡುಮೇಡುಗಳ ಹಾವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ. ಪರದೇಶದ ಇಂಥ ಜೀವಿಗಳನ್ನು ಇಟ್ಟುಕೊಂಡವರೂ 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿಸಬೇಕು. ಹುಡುಗನ ಬಳಿ ಆ ಕಾಗದಪತ್ರಗಳಿದ್ದುವು. ಇಲ್ಲದಿದ್ದುದು ಚಳಿಯ ತಿಳಿವಳಿಕೆ.

ಮೂರನೆಯ ದಿನ ಹಾವು ತಾನು ನುಂಗಿದ್ದ ಇಲಿಯನ್ನು ಅರೆಜೀರ್ಣವಾದ ಸ್ಥಿತಿಯಲ್ಲಿ ಹೊರಹಾಕಿತು. "ಮಾವ, ಕೊಯಮತ್ತೂರಿನಲ್ಲಿಯೂ ಇದೇ ಪೆಟ್ಟಿಗೆ, ಇದೇ ಹೀಟ್ ಮ್ಯಾಟ್. ಅಲ್ಲಿ ಚೆನ್ನಾಗಿಯೇ ಇತ್ತಲ್ಲ?" ಎಂದು ಹುಡುಗನು ಕಣ್ಣು ತುಂಬಿಕೊಂಡನು.

ಉತ್ತರವು ಬೆಟ್ಟದಲ್ಲಿಯೇ ಇತ್ತು. ಕೊಯಮತ್ತೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಕೋತಗಿರಿಯ ಸೀಮೆ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಪ್ರತಿ 1,000 ಮೀಟರ್ ಏರಿದಂತೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿಯಷ್ಟು ಇಳಿಯುತ್ತದೆ. ಅಂದರೆ ಬಸ್ಸು ಘಾಟಿ ಹತ್ತಿ ಬರುವಷ್ಟರಲ್ಲಿ 9 ಡಿಗ್ರಿಯಷ್ಟು ಉಷ್ಣತೆ ಕೆಳಗೆ ಉಳಿದುಬಿಟ್ಟಿತ್ತು! ನಿಯಂತ್ರಣವಿಲ್ಲದ ಹೀಟ್ ಮ್ಯಾಟು ಕೋಣೆಯ ಉಷ್ಣತೆಗೆ ತನ್ನ ಪಾಲನ್ನು ಕೂಡಿಸಬಲ್ಲುದೇ ಹೊರತು, ಇಷ್ಟು ಡಿಗ್ರಿ ಬೇಕೆಂಬುದನ್ನು ತಾನಾಗಿ ಅರಿಯಲಾರದು. ಕೋಣೆ ತಣ್ಣಗಾದರೆ ಮ್ಯಾಟೂ ಸೋಲುತ್ತದೆ. ಬಯಲುಸೀಮೆಯ ವೈಶಾಖದ ಮಧ್ಯಾಹ್ನದಲ್ಲಿ ಅದೇ ಮ್ಯಾಟು ಹಾವನ್ನು ಬೇಯಿಸಿಯೂ ಬಿಡಬಹುದು.

ಹಾವು ತನ್ನ ಮೈಯ ಬಿಸಿಯನ್ನು ನಮ್ಮಂತೆ ತಾನೇ ಉಂಟುಮಾಡಿಕೊಳ್ಳುವ ಪ್ರಾಣಿಯಲ್ಲ. ಬಿಸಿ ಬೇಕಾದಾಗ ಬಿಸಿಲಿಗೆ, ತಂಪು ಬೇಕಾದಾಗ ನೆರಳಿಗೆ ಹರಿಯುವುದೇ ಅದರ ಉಪಾಯ. ಮೈ ತಣ್ಣಗಾದರೆ ಜೀರ್ಣಶಕ್ತಿ ಕುಂದುತ್ತದೆ, ಉಸಿರಾಟದ ರೋಗಗಳು ಅಂಟುತ್ತವೆ. ಮೊಟ್ಟೆಯ ವಿಷಯದಲ್ಲಂತೂ ಉರಗಗಳ ಜಾಣ್ಮೆ ಬೆರಗುಗೊಳಿಸುವಂಥದು. ಆಗುಂಬೆಯ ಕಾಳಿಂಗ ಸರ್ಪವು ತರಗೆಲೆಗಳನ್ನು ರಾಶಿಯಾಗಿ ಒಟ್ಟಿ ಅದರೊಳಗೆ ಮೊಟ್ಟೆಯಿಡುತ್ತದೆ. ಕೊಳೆಯುವ ಎಲೆಗಳಿಂದ ಹುಟ್ಟುವ ಕಾವು ಮೊಟ್ಟೆಗಳನ್ನು ಕಾಪಾಡುತ್ತದೆ. ನಮ್ಮ ಪಶ್ಚಿಮಘಟ್ಟದ ಈ ಸರ್ಪವನ್ನು ಬೇರೆಯೇ ಪ್ರಭೇದವೆಂದು ವಿಜ್ಞಾನಿಗಳು 2024ರಲ್ಲಿ ಗುರುತಿಸಿ, ಕನ್ನಡದ 'ಕಾಳಿಂಗ' ಎಂಬ ಹೆಸರನ್ನೇ ಅದಕ್ಕಿತ್ತುದು ಕನ್ನಡಿಗರಿಗೆ ಸಂತೋಷದ ಸಂಗತಿ. ಹೆಬ್ಬಾವಿನ ತಾಯಿ ಮೊಟ್ಟೆಗಳನ್ನು ಸುತ್ತಿಕೊಂಡು, ಸ್ನಾಯುಗಳನ್ನು ನಡುಗಿಸಿ, ಸುತ್ತಲ ಗಾಳಿಗಿಂತ ಕೆಲವು ಡಿಗ್ರಿ ಹೆಚ್ಚು ಬಿಸಿಯನ್ನು ಹುಟ್ಟಿಸುವುದನ್ನು ನ್ಯೂಯಾರ್ಕಿನ ಮೃಗಾಲಯದಲ್ಲಿ ಅಳೆದು 1966ರಲ್ಲಿ ಪ್ರಕಟಿಸಿದರು. ಇನ್ನು ನಮ್ಮ ನೀಲಗಿರಿಯ ತಂಪಿನಲ್ಲಿಯೇ ಬಾಳುವ ಕುದುರೆಲಾಳದ ಗುರುತಿನ ಮಂಡಲದ ಹಾವು ಮೊಟ್ಟೆಯಿಡದೆ ಮರಿಗಳನ್ನೇ ಹೆರುತ್ತದೆ. ಮೊಟ್ಟೆಯನ್ನು ತಣ್ಣನೆಯ ನೆಲಕ್ಕೆ ಒಪ್ಪಿಸುವ ಬದಲು ಒಡಲಲ್ಲಿ ಹೊತ್ತು, ತಾಯಿಯೇ ಬಿಸಿಲು ಕಾಯಬಹುದಷ್ಟೆ! ಇಂತು ಕಾಡಿನಲ್ಲಿ ಹಾವಿಗೆ ನೂರು ದಾರಿಗಳುಂಟು. ಗಾಜಿನ ಪೆಟ್ಟಿಗೆಯಲ್ಲಿ ಅದಕ್ಕೆ ನಾವು ಕೊಟ್ಟಷ್ಟೇ ದಾರಿ.

ಆದುದರಿಂದ ಪೆಟ್ಟಿಗೆಯಲ್ಲಿ ಎರಡು ಸೀಮೆಗಳಿರಬೇಕು. ಈ ಜಾತಿಗೆ ಒಂದು ತುದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 25ರಿಂದ 27 ಡಿಗ್ರಿ ಇರಬೇಕು. ಎರಡೂ ಕಡೆ ಅಡಗಲು ಒಂದೊಂದು ಗೂಡು, ಎರಡೂ ಕಡೆ ಒಂದೊಂದು ಉಷ್ಣಮಾಪಕ ಬೇಕು. ಹೀಟ್ ಮ್ಯಾಟು ತಳದ ಮೂರನೆಯ ಒಂದು ಭಾಗವನ್ನು ಮೀರಬಾರದು. ಅದು ಥರ್ಮೋಸ್ಟಾಟ್ ಮೂಲಕವೇ ಕೆಲಸ ಮಾಡಬೇಕು. ಆ ಸಾಧನದ ತಂತಿಯ ತುದಿಯು ಬಿಸಿಯಾಗುವ ಜಾಗದಲ್ಲಿಯೇ ಭದ್ರವಾಗಿ ಕುಳಿತಿರತಕ್ಕದ್ದು. ತುದಿ ಜಾರಿ ತಣ್ಣನೆಯ ಮೂಲೆಗೆ ಬಿದ್ದರೆ, ಸಾಧನವು ಇನ್ನೂ ಚಳಿಯೆಂದೇ ಭ್ರಮಿಸಿ ವಿದ್ಯುತ್ತನ್ನು ನಿಲ್ಲಿಸದೆ ಹರಿಸುತ್ತಿರುತ್ತದೆ.

ಹುಡುಗನು ಗಾಬರಿಯಲ್ಲಿ ನೂರು ವಾಟಿನ ಬಲ್ಬೊಂದನ್ನು ಪೆಟ್ಟಿಗೆಯೊಳಗೇ ತೂಗುಹಾಕಲು ಹೊರಟಿದ್ದನು. ನಾವು ತಡೆದೆವು. ಕೋಳಿಮರಿಗಳಿಗೆ ಬಲ್ಬು ಹಾಕಿದಾಗ ಚಳಿಯಾದರೆ ಅವು ಒತ್ತೊತ್ತಾಗಿ ಕೂಡುತ್ತವೆ, ಸೆಕೆಯಾದರೆ ದೂರ ಸರಿಯುತ್ತವೆ. ಹಾವಾದರೋ ಮೂಕಪ್ರಾಣಿ, ಚರ್ಮ ಸುಡುವಷ್ಟಾದರೂ ಬಿಸಿಯನ್ನು ಬಿಡದೆ ಅಲ್ಲಿಯೇ ಮಲಗಿರುವುದುಂಟು. ಬಿಸಿ ಕೊಡುವ ದೀಪವಿರಲಿ, ಪಿಂಗಾಣಿಯ ಸಾಧನವಿರಲಿ, ಹಾವಿನ ಮೈ ತಾಗದಂತೆ ತಂತಿಬಲೆಯ ಹೊರಗಿರಬೇಕು.

ಅಂದು ರಾತ್ರಿಯೇ ಗಾಳಿಮಳೆಗೆ ವಿದ್ಯುತ್ತು ಹೋಯಿತು. ಮನೆಯವರೊಬ್ಬರು ಕೆಂಡದ ಅಗ್ಗಿಷ್ಟಿಕೆಯನ್ನು ಹುಡುಗನ ಕೋಣೆಗೆ ತಂದರು, ಕಿಟಕಿಗಳೆಲ್ಲ ಮುಚ್ಚಿದ್ದುವು. ಇದನ್ನು ಓದುವ ಪ್ರತಿಯೊಬ್ಬ ತಾಯಿತಂದೆಗೂ ನಮ್ಮ ವಿಜ್ಞಾಪನೆ: ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಎಂದಿಗೂ ಮಲಗಬೇಡಿ. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ನಿದ್ದೆಯಲ್ಲಿಯೇ ಪ್ರಾಣ ತೆಗೆಯುತ್ತದೆ. ಅಗ್ಗಿಷ್ಟಿಕೆಯನ್ನು ಕೂಡಲೇ ಹೊರಗಿಡಿಸಿದೆವು. ಪೆಟ್ಟಿಗೆಯ ಮೂರು ಪಕ್ಕಗಳಿಗೆ ಥರ್ಮೋಕೋಲ್ ಹಲಗೆ ಕಟ್ಟಿ, ಗಾಳಿಯ ಕಿಂಡಿಗಳನ್ನು ಬಿಟ್ಟು ಕಂಬಳಿ ಹೊದಿಸಿದೆವು. ಬಿಸಿನೀರು ತುಂಬಿದ ಬಾಟಲಿಯನ್ನು ದಪ್ಪ ಟವಲಿನಲ್ಲಿ ಸುತ್ತಿ ಒಂದು ತುದಿಯಲ್ಲಿರಿಸಿದೆವು. ಅಜ್ಜಿ ತಾವೇ ಎದ್ದು ಎರಡು ಸಲ ನೀರು ಕಾಯಿಸಿ ಕೊಟ್ಟರು.

ಪಶುವೈದ್ಯರ ಸಲಹೆಯಂತೆ ಎರಡು ವಾರ ಆಹಾರ ಕೊಡಲಿಲ್ಲ. ಬಿಸಿ ಖಚಿತವಿಲ್ಲದಾಗ ಉಣಿಸುವುದಕ್ಕಿಂತ ಉಪವಾಸವೇ ಲೇಸು. ಆರೋಗ್ಯವಾಗಿರುವ ಬಾಲ್ ಪೈಥಾನ್ ಹಲವು ವಾರಗಳನ್ನು ನೀರಿನ ಮೇಲೆಯೇ ಕಳೆಯಬಲ್ಲುದು. ಥರ್ಮೋಸ್ಟಾಟ್ ಬಂದ ಮೇಲೆ, ಮೂರನೆಯ ವಾರ ಅದು ಒಂದು ಚಿಕ್ಕ ಇಲಿಯನ್ನು ನುಂಗಿ ದಕ್ಕಿಸಿಕೊಂಡಿತು.

ಹುಡುಗನು ಮರಳಿ ಹೊರಟಾಗ ನಾವು ಹೇಳಿದುದು ಇಷ್ಟೆ: "ಮುಂದಿನ ಹಬ್ಬಕ್ಕೆ ನೀನು ಬಾ, ಹಾವು ಅಲ್ಲಿಯೇ ಇರಲಿ, ನೋಡಿಕೊಳ್ಳಬಲ್ಲವರೊಬ್ಬರಿಗೆ ಒಪ್ಪಿಸಿ ಬಾ." ಇಪ್ಪತ್ತು ವರ್ಷಗಳಿಗೂ ಹೆಚ್ಚು ಬದುಕಬಲ್ಲ ಜೀವವೊಂದನ್ನು ಮನೆಗೆ ತರುವ ಮುನ್ನ ಅದರ ಬೇಸಿಗೆ, ಅದರ ಚಳಿಗಾಲ, ವಿದ್ಯುತ್ತಿಲ್ಲದ ಅದರ ರಾತ್ರಿ ಇವೆಲ್ಲವನ್ನೂ ನಾವು ಹೊರಲು ಸಿದ್ಧರೇ ಎಂದು ಕೇಳಿಕೊಳ್ಳುವುದು ಒಳಿತು. ಕಾಡಿನಲ್ಲಿ ಸೂರ್ಯನು ಮಾಡುತ್ತಿದ್ದ ಕೆಲಸವನ್ನು ಮನೆಯಲ್ಲಿ ನಾವು ವಹಿಸಿಕೊಂಡಿರುತ್ತೇವೆ. ಸೂರ್ಯನು ಒಂದು ದಿನವೂ ಮರೆತವನಲ್ಲ.